ಮೂವತ್ತು ಲಕ್ಷ ವರ್ಷದ ಕೂಸು

ನಮ್ಮ ಕೋಡಿಗುಡ್ಡದ ವೀಕ್ಷಣಾಲಯದಲ್ಲಿ ವರ್ಷಕ್ಕೊಂದೇ ಹುಟ್ಟುಹಬ್ಬ, ಅದು ಜೂನ್ ಒಂದಕ್ಕೆ. ಅವತ್ತು ಹದಿನಾಲ್ಕು ಜನ ಸಾಲಾಗಿ ನಿಂತು ಒಂದೇ ಕೇಕು ಕತ್ತರಿಸುತ್ತೇವೆ. ಹದಿನಾಲ್ಕು ಹೆಸರು ಕೇಕಿನ ಮೇಲೆ ಹಿಡಿಸುವುದಿಲ್ಲ ಎಂದು ಕ್ಯಾಂಟೀನಿನ ನಿಂಗರಾಜ ಪ್ರತಿ ಸಲ ಗೊಣಗುತ್ತಾನೆ. ಈ ಸಲ ಮೇ ಇಪ್ಪತ್ತಾರರಂದೇ ಪಟ್ಟಿ ಹಿಡಿದು ನನ್ನ ಮೇಜಿನ ಹತ್ತಿರ ಬಂದ.

“ಮೇಡಂ, ಈ ಸಲ ಕೇಕು ಮೂವತ್ತೊಂದಕ್ಕೇ ತರ್ಸಿ ಅಂದ್ರು ಸಾಹೇಬ್ರು. ಒಂದನೇ ತಾರೀಕಿಗೆ ನೀವಿರಲ್ಲಲ್ಲ. ನಿಮ್ದೊಬ್ರುದೇ ಹೆಸರು ಬರಸ್ತೀನಿ. ಉಳಿದೋರು ಮುಂದಿನ ವರ್ಸ ನೋಡ್ಕಳ್ಳಲಿ.”

“ನನ್ನ ಹೆಸರು ಬ್ಯಾಡ ಮಾರಾಯ. ಸಕ್ಕರೆ ಕಮ್ಮಿ ಹಾಕ್ಸು, ಸಾಕು,” ಎಂದೆ.

ಜೂನ್ ಒಂದರಂದು ಹುಟ್ಟಿದವರನ್ನು ಸರ್ಕಾರ ಮೇ ಮೂವತ್ತೊಂದಕ್ಕೆ ಮನೆಗೆ ಕಳಿಸುತ್ತದೆ. ನಾನು ರುದ್ರಮ್ಮ, ದಾಖಲೆ ಪ್ರಕಾರ 1989ರ ಜೂನ್ ಒಂದರಂದು ಹುಟ್ಟಿದವಳು. ಈಗ 2049. ಮೂವತ್ನಾಲ್ಕು ವರ್ಷದಿಂದ ನಕ್ಷತ್ರಗಳ ವಯಸ್ಸು ಕಂಡುಹಿಡಿಯುವುದೇ ನನ್ನ ಕೆಲಸ. ಸುಸ್ತಾಗಿದೆ. ಬಲಭುಜ ಎರಡು ವರ್ಷದಿಂದ ಹಿಡಿದುಕೊಂಡಿದೆ, ಕೈ ಕಿವಿಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಕಣ್ಣಿಗೆ ಮೂರನೇ ಸಲ ಕನ್ನಡಕ ಬದಲಾಗಿದೆ. ಇನ್ನೈದು ದಿನ ಕಣ್ಣುಮುಚ್ಚಿ ಕಳೆದುಬಿಟ್ಟರೆ ಸಾಕಪ್ಪಾ ಎಂದುಕೊಂಡಿದ್ದೆ.

ಆ ಐದು ದಿನದಲ್ಲಿ ನನಗೆ ಉಳಿದಿದ್ದು ಒಂದೇ ಸಹಿ. ಭೂಮಿಯಿಂದ ಬಹುದೂರದಲ್ಲಿ ನಮ್ಮ ‘ದೀಪಮಾಲೆ’ ತೇಲುತ್ತಿದೆ. ಏಳು ಕನ್ನಡಿಗಳು, ಏಳೂ ಸೇರಿ ಒಂದೇ ಕಣ್ಣಿನ ಹಾಗೆ ನೋಡುತ್ತವೆ. ಅದರ ಹೊಟ್ಟೆಯಲ್ಲಿ ಇನ್ನು ಒಂದೇ ಒಂದು ದೊಡ್ಡ ತಿರುವಿಗೆ ಆಗುವಷ್ಟು ಇಂಧನವಿದೆ, ಅದೂ ಸಣ್ಣಗೆ ಸೋರುತ್ತಿದೆ. ಒಮ್ಮೆ ಯಾವ ನಕ್ಷತ್ರದ ಕಡೆ ತಿರುಗಿತೋ ಮುಂದಿನ ಹನ್ನೆರಡು ವರ್ಷ ಅದನ್ನೇ ನೋಡಿಕೊಂಡಿರಬೇಕು. ಹನ್ನೊಂದು ದೇಶದವರು ಸೇರಿ ಮಾಡಿದ ಯೋಜನೆಯ ಆಸೆ ಒಂದೇ: ಒಂದು ಗ್ರಹ ಹುಟ್ಟುವುದನ್ನು ಕಣ್ಣಾರೆ ನೋಡಬೇಕು.

ಹೊಸ ನಕ್ಷತ್ರದ ಸುತ್ತ ಅನಿಲ, ದೂಳು ಸೇರಿ ತಟ್ಟೆಯ ಆಕಾರದಲ್ಲಿ ತಿರುಗುತ್ತಿರುತ್ತವೆ. ಗ್ರಹಗಳು ಹುಟ್ಟುವುದು ಆ ತಟ್ಟೆಯಲ್ಲೇ. ಮುದ್ದೆ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಗ ನೋಡಿದರೆ ಇನ್ನೂ ಅಂಬಲಿ, ತಡವಾದರೆ ತಳ ಹಿಡಿದಿರುತ್ತದೆ. ಮೂವತ್ತು ಲಕ್ಷ ವರ್ಷದ ಆಸುಪಾಸು ಹದವಾದ ಹೊತ್ತು. ಒಂದು ಕೋಟಿ ದಾಟಿದರೆ ಸಾಮಾನ್ಯವಾಗಿ ತಟ್ಟೆಯಲ್ಲಿ ಅನಿಲವೇ ಉಳಿದಿರುವುದಿಲ್ಲ. ಅದಕ್ಕೇ ಎಲ್ಲರಿಗೂ ವಯಸ್ಸು ಬೇಕಿತ್ತು.

ವಯಸ್ಸು ಹೇಳಲು ಯಂತ್ರವಿತ್ತು. ನಕ್ಷತ್ರದ ಬೆಳಕು ತೋರಿಸಿದರೆ ಅರೆಗಳಿಗೆಯಲ್ಲಿ ಹುಟ್ಟಿದ ಕಾಲ ಹೇಳುತ್ತಿದ್ದುದರಿಂದ ನಾವು ಅದನ್ನು ಜೋಯಿಸರು ಎನ್ನುತ್ತಿದ್ದೆವು. ಇನ್ನೂರ ಹನ್ನೆರಡು ನಕ್ಷತ್ರಗಳ ಹಳೆಯ ಪಟ್ಟಿಯೊಂದನ್ನು ಓದಿ ಜೋಯಿಸರು ವಿದ್ಯೆ ಕಲಿತಿದ್ದರು. ಅವರು ಆರಿಸಿದ್ದು ನೂರಾ ಏಳನೇ ನಂಬರಿನ ಪುಟ್ಟ ಕೆಂಪು ನಕ್ಷತ್ರವನ್ನು. ವಯಸ್ಸು ಮೂವತ್ತೊಂದು ಲಕ್ಷ ವರ್ಷ, ಎರಡು ಲಕ್ಷ ಹೆಚ್ಚುಕಮ್ಮಿ. ಆಫೀಸಿನಲ್ಲಿ ಎಲ್ಲರೂ ಅದನ್ನು ಕೂಸು ಎಂದೇ ಕರೆಯುತ್ತಿದ್ದರು. ಮೂವತ್ತೊಂದರ ಸಂಜೆ ಐದಕ್ಕೆ ದೀಪಮಾಲೆ ಕೂಸಿನ ಕಡೆ ತಿರುಗಬೇಕು. ಅದಕ್ಕೆ ಮೊದಲು ವಯಸ್ಸಿನ ದೃಢೀಕರಣ ಪತ್ರಕ್ಕೆ ವಿಭಾಗದ ಮುಖ್ಯಸ್ಥೆಯಾದ ನನ್ನ ಸಹಿ ಬೀಳಬೇಕು.

ನಿಂಗರಾಜ ಪಟ್ಟಿಯನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋಗಿದ್ದ. ಹದಿನಾಲ್ಕು ಹೆಸರು, ಎದುರಿಗೆ ಹದಿನಾಲ್ಕು ಸಲ ಅದೇ ತಾರೀಕು. ನಮ್ಮಂಥವರು ಒಬ್ಬರೂ ಅವತ್ತು ಹುಟ್ಟಿದವರಲ್ಲ. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲ ಎಂದರೆ ಹೆಡ್‌ಮಾಸ್ತರು ಜೂನ್ ಒಂದು ಎಂದು ಬರೆದುಕೊಳ್ಳುತ್ತಿದ್ದರು. ವಯಸ್ಸು ತಿಳಿಯಲು ಒಂದು ಪರೀಕ್ಷೆಯಿತ್ತು. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷ ಆಗಿದೆ ಎಂದು ಲೆಕ್ಕ. ಮುಟ್ಟದಿದ್ದರೆ, “ಇನ್ನೊಂದು ವರ್ಷ ಮನೇಲಿರ್ಲಿ, ಮುಂದಿನ ವರ್ಷ ಕರ್ಕೊಂಬಾ,” ಎಂದು ವಾಪಸು ಕಳಿಸುತ್ತಿದ್ದರು. ನಾನು ಮೊದಲ ಸಲಕ್ಕೇ ಕಿವಿ ಹಿಡಿದೆ.

ಪಟ್ಟಿಯಿಂದ ತಲೆ ಎತ್ತಿ ಪರದೆ ನೋಡಿದೆ. ಅಲ್ಲಿ ಜೋಯಿಸರು ಓದಿ ಕಲಿತ ಇನ್ನೂರ ಹನ್ನೆರಡು ನಕ್ಷತ್ರಗಳ ವಯಸ್ಸು ಸಾಲಾಗಿ ನಿಂತಿತ್ತು. ಇಪ್ಪತ್ತೆಂಟು ಲಕ್ಷ, ಮೂವತ್ತೊಂದು ಲಕ್ಷ, ಮೂವತ್ತು, ಮೂವತ್ಮೂರು, ಇಪ್ಪತ್ತೊಂಬತ್ತು. ಮೂವತ್ತರ ಆಸುಪಾಸಿನಲ್ಲೇ ಸಂತೆಯ ಹಾಗೆ ನಕ್ಷತ್ರಗಳು ನೆರೆದಿದ್ದವು. ಎಷ್ಟೋ ವರ್ಷದಿಂದ ನೋಡುತ್ತಿದ್ದೇನೆ, ಅವತ್ತು ಮಾತ್ರ ನಿಂಗರಾಜನ ಪಟ್ಟಿಯನ್ನು ಎತ್ತಿ ಪರದೆಯ ಪಕ್ಕ ಹಿಡಿದೆ. ಅಯ್ಯೋ ದೇವರೇ, ಇಷ್ಟೊಂದು ಜನ ಒಂದೇ ದಿನ ಹೇಗೆ ಹುಟ್ಟುತ್ತಾರೆ?

ನನಗೆ ಎಲ್ಲಾ ನೆನಪಾಯಿತು. 2015, ಸೇತೂರಾವ್ ಸರ್ ಕೈಕೆಳಗೆ ನಾನು ಆಗಷ್ಟೇ ಸೇರಿದ್ದೆ. ಆ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿದವಳು ನಾನೇ. ಕೆಲವುಗಳ ವಯಸ್ಸನ್ನು ಸರಿಯಾಗಿ ಅಳೆದಿದ್ದರು, ಉಳಿದವುಗಳದು ಏನೂ ಗೊತ್ತಿರಲಿಲ್ಲ. “ಸರ್, ಇವಕ್ಕೆ ಏನು ಹಾಕಲಿ?” ಎಂದು ಕೇಳಿದ್ದೆ. “ತಟ್ಟೆ ಇದೆ ತಾನೇ? ಅಂದ್ಮೇಲೆ ಎಳೇದೇ. ಸದ್ಯಕ್ಕೆ ಮೂವತ್ತು ಲಕ್ಷ ಅಂತ ಹಾಕಮ್ಮಾ, ಆಮೇಲೆ ತಿದ್ದೋಣ,” ಎಂದಿದ್ದರು. ಅವರು ಮರುವರ್ಷ ತೀರಿಕೊಂಡರು. ತಿದ್ದುವುದು ನನ್ನ ಪಾಲಿಗೆ ಬಂದಿತ್ತು, ನಾನು ಮರೆತೆ.

ಆಮೇಲೆ ಯಾರೋ ನಕ್ಷತ್ರಗಳ ದೂರ ತಿದ್ದಿದರು, ಅದಕ್ಕೆ ತಕ್ಕಂತೆ ವಯಸ್ಸನ್ನೂ ಗುಣಿಸಿದರು. ಮೂವತ್ತು ಇದ್ದದ್ದು ಒಂದು ಕಡೆ ಇಪ್ಪತ್ತೆಂಟಾಯಿತು, ಇನ್ನೊಂದು ಕಡೆ ಮೂವತ್ಮೂರಾಯಿತು. ಒಂದೇ ಹಿಟ್ಟನ್ನು ಬೇರೆ ಬೇರೆ ಅಚ್ಚಿಗೆ ಹಾಕಿದ ಹಾಗೆ. ನೋಡಿದವರಿಗೆ ಪ್ರತಿಯೊಂದನ್ನೂ ಅಳೆದೇ ಬರೆದಂತೆ ಕಾಣುತ್ತಿತ್ತು. ಪಾಪ, ಜೋಯಿಸರು ತಾನೇ ಏನು ಮಾಡಿಯಾರು, ತಟ್ಟೆ ಕಂಡರೆ ಮೂವತ್ತು ಲಕ್ಷ ಎನ್ನಬೇಕು ಎಂದು ನಾವೇ ಕಲಿಸಿದ್ದೆವು.

ಮಧ್ಯಾಹ್ನ ಊಟಕ್ಕೆ ಕ್ವಾರ್ಟರ್ಸಿಗೆ ಹೋದೆ. ಅವ್ವ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಅವಳ ಪ್ರಾಯ ಎಪ್ಪತ್ತೆಂಟೋ ಎಂಬತ್ತೆರಡೋ, ಅವಳಿಗೂ ಗೊತ್ತಿಲ್ಲ. ಮದುವೆಯಾದ ಮೇಲೂ ಇಪ್ಪತ್ತು ವರ್ಷ ಕುರಿ ಹಿಂಡಿನ ಹಿಂದೆ ಚಳ್ಳಕೆರೆ ಸೀಮೆಯೆಲ್ಲ ತಿರುಗಿದವಳು. ಟ್ರಂಕಿನಿಂದ ನನ್ನ ಹಳೆಯ ನೋಟ್‌ಬುಕ್ ತೆಗೆದೆ. ಹನ್ನೆರಡನೇ ಪುಟದಿಂದ ಶುರುವಾಗಿ ನನ್ನದೇ ದುಂಡು ಅಕ್ಷರದಲ್ಲಿ ಮೂವತ್ತು ಲಕ್ಷ, ಮೂವತ್ತು ಲಕ್ಷ, ಮೂವತ್ತು ಲಕ್ಷ. ಎಣಿಸಿದೆ. ನೂರಾ ನಲವತ್ತು. ಅದರಲ್ಲಿ ನೂರಾ ಏಳನೇ ನಂಬರೂ ಇತ್ತು.

“ಯಾಕವ್ವ ರುದ್ರಿ, ಮುಖ ಹಿಂಗ್ ಮಾಡ್ಕಂಡೀಯ? ಕೈ ನೋಯ್ತೈತಾ?” ಎಂದಳು ಅವ್ವ.

“ಕೈ ಅಲ್ಲವ್ವ. ಒಂದು ತಪ್ಪು ಮಾಡೀನಿ. ವಯಸ್ಸು ಗೊತ್ತಿಲ್ದೇ ಇರೋದಕ್ಕೆ ಬಾಯಿಗೆ ಬಂದಿದ್ದು ಬರ್ದೀನಿ.”

“ನಿಮ್ ಮಾಸ್ತರು ನಿಂಗೆ ಬರೀಲಿಲ್ವಾ? ನೀ ಹುಟ್ಟಿದ್ದು ಹುಣಸೆಹಣ್ಣು ಬಡಿಯೋ ಕಾಲ್ದಾಗೆ. ಸಾಲೀಗೆ ಹಾಕ್ದಾಗ ನಿಂಗೆ ಐದೂ ತುಂಬಿರ್ಲಿಲ್ಲ. ಕೈ ಉದ್ದ ಇದ್ವು ಮುಂಡೇದವು, ಕಿವಿ ಮುಟ್ಟಿದ್ವು. ಅವ್ರು ಆರು ಅಂತ ಬರ್ಕಂಡ್ರು.”

ಅನ್ನ ಕಲಸುತ್ತಿದ್ದವಳು ಕೈ ನಿಲ್ಲಿಸಿದೆ. ಈ ಮಾತನ್ನು ಅವಳು ಎಂದೂ ಹೇಳಿರಲಿಲ್ಲ. ಅಂದರೆ ನಾನು ಒಂದು ವರ್ಷಕ್ಕೂ ಹೆಚ್ಚು ಮೊದಲೇ ಮುದುಕಿಯಾಗಿದ್ದೇನೆ. “ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?” ಎಂದರೆ, “ನೀ ಎಲ್ಲಿ ಕೇಳ್ದೆ?” ಎಂದಳು.

ಸರಿ, ಕೇಳೇ ಬಿಡೋಣ ಎನಿಸಿತು. “ಅವ್ವ, ಇನ್ನೂ ಹಾಲು ಕುಡೀತೈತೆ ಅಂದ್ರೆ ಅದು ಮರೀನೇ ಅಲ್ವಾ?” ಎಂದೆ. ನಮ್ಮ ಕೂಸಿನ ತಟ್ಟೆಯಿಂದ ಅನಿಲ ಇನ್ನೂ ನಕ್ಷತ್ರದ ಮೇಲೆ ಸುರಿಯುತ್ತಿತ್ತು. ಅದನ್ನೇ ನೋಡಿ ಎಲ್ಲರೂ ಅದರ ಎಳೆತನವನ್ನು ನಂಬಿದ್ದರು.

ಅವ್ವ ನಕ್ಕಳು. “ಹಂಗೆಲ್ಲೈತೆ? ಒಂದೊಂದು ಇರ್ತಾವೆ, ಕೊಂಬು ಬಂದ್ರೂ ತಾಯಿ ಕೆಚ್ಚಲು ಬಿಡಲ್ಲ. ಹಾಲು ಕುಡಿಯೋದು ನೋಡಿ ಮರಿ ಅಂತ ಕೊಂಡ್ಕಂಡ್ರೆ ಕೆಟ್ಟೆ. ಬಾಯಿ ಬಿಡ್ಸಿ ಹಲ್ಲು ನೋಡ್ಬೇಕು.”

ನಕ್ಷತ್ರಕ್ಕೂ ಹಲ್ಲಿದೆ. ಅದು ಲಿಥಿಯಂ ಎಂಬ ಹಗುರ ಧಾತು. ಹುಟ್ಟುವಾಗ ಎಲ್ಲ ನಕ್ಷತ್ರಗಳಲ್ಲೂ ಇರುತ್ತದೆ. ಪುಟ್ಟ ಕೆಂಪು ನಕ್ಷತ್ರಗಳಲ್ಲಿ ಒಳಗಿನ ಕಾವಿಗೆ ಸಿಕ್ಕಿ ಪೂರ್ತಿ ಉರಿದುಹೋಗಲು ಮೂರು ಕೋಟಿ ವರ್ಷವಾದರೂ ಬೇಕು. ಬೆಳಕನ್ನು ಬಿಡಿಸಿ ನೋಡಿದರೆ ಲಿಥಿಯಂ ಇರುವ ಕಡೆ ಒಂದು ಕಪ್ಪು ಗೆರೆ ಕಾಣಬೇಕು, ಅಷ್ಟೇ. ಮರುದಿನ ಬೆಳಿಗ್ಗೆ ಎಂಟಕ್ಕೇ ಆಫೀಸಿಗೆ ಹೋಗಿ ಕೂಸಿನ ಹಳೆಯ ಬೆಳಕಿನ ಕಡತ ತೆಗೆದೆ. ಲಿಥಿಯಂ ಜಾಗವನ್ನು ಯಾರೂ ನೋಡಿರಲಿಲ್ಲ. ತಟ್ಟೆ ಇದೆಯಲ್ಲ, ಮತ್ತೇಕೆ ನೋಡಬೇಕು ಎಂದು ಬಿಟ್ಟಿದ್ದರು. ನಾನು ನೋಡಿದೆ. ಗೆರೆ ಇರಲಿಲ್ಲ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ, ಆಗಲೂ ಇರಲಿಲ್ಲ.

ಅಲ್ಲಿಗೆ ಕೂಸಿಗೆ ಕಡಿಮೆಯೆಂದರೂ ಮೂರು ಕೋಟಿ ವರ್ಷವಾಗಿತ್ತು, ನಾಲ್ಕೂವರೆ ಆಗಿದ್ದರೂ ಆಶ್ಚರ್ಯವಿಲ್ಲ. ಅಷ್ಟಾದರೂ ಹಾಲು ಬಿಡದ ಪ್ರಾಣಿ. ಗ್ರಹಗಳು ಕಟ್ಟಿಕೊಳ್ಳುವುದಿದ್ದರೆ ಯಾವಾಗಲೋ ಕಟ್ಟಿಕೊಂಡಿವೆ. ಹನ್ನೆರಡು ವರ್ಷ ನೋಡಿದರೂ ನಮಗೆ ಹುಟ್ಟು ಕಾಣುವ ಹಾಗಿರಲಿಲ್ಲ.

ನಿರ್ದೇಶಕರ ಕೋಣೆಗೆ ಹೋಗಲು ನನಗೆ ಒಂದು ಗಂಟೆ ಬೇಕಾಯಿತು. ಸುಳ್ಳು ಯಾಕೆ ಹೇಳಲಿ, ಸುಮ್ಮನಿದ್ದುಬಿಡಲೇ ಎಂದೂ ಯೋಚಿಸಿದೆ. ಸಹಿ ಹಾಕಿ ಹಾರ ಹಾಕಿಸಿಕೊಂಡು ಮನೆಗೆ ಹೋದರೆ ಕೇಳುವವರು ಯಾರು? ತಪ್ಪು ತಿಳಿಯುವುದರೊಳಗೆ ನಾನಿರುತ್ತೇನೋ ಇಲ್ಲವೋ. ಆದರೆ ಏಳು ಕನ್ನಡಿಗಳು ಹನ್ನೆರಡು ವರ್ಷ ಸುಮ್ಮನೆ ದಾರಿ ಕಾಯುವುದನ್ನು ನೆನೆದರೆ ಕೂತಿರಲು ಆಗಲಿಲ್ಲ. ಎದ್ದೆ.

ನಿರ್ದೇಶಕರು ಡಾ. ಇಮ್ತಿಯಾಜ್ ಮುಲ್ಲಾ, ಗದಗ ಕಡೆಯವರು, ನನಗಿಂತ ಎಂಟು ವರ್ಷ ಚಿಕ್ಕವರು. ಅವರ ತಲೆ ತುಂಬ ಮೂವತ್ತೊಂದರ ಗಡಿಬಿಡಿಯಿತ್ತು. ನೋಟ್‌ಬುಕ್ಕನ್ನೂ ಬೆಳಕಿನ ಚಿತ್ರವನ್ನೂ ಮುಂದಿಟ್ಟು ಎಲ್ಲ ಹೇಳಿದೆ. ಅವರು ಒಂದೊಂದೇ ಪುಟ ತಿರುವಿದರು.

“ಏನ್ರೀ ಮೇಡಂ ಇದು? ಇಷ್ಟು ವರ್ಷ ಏನ್ ಮಾಡಾಕತ್ತಿದ್ರಿ?”

“ಮರ್ತಿದ್ದೆ ಸರ್.”

“ಮರ್ತಿದ್ರಾ? ನೂರಾ ನಲವತ್ತು ನಕ್ಷತ್ರ ಮರ್ತಿದ್ರಾ? ನಾಕು ದಿನ ಐತಿ ಅನ್ನೂವಾಗ ನೆನಪಾತು?” ಅವರು ಎದ್ದು ಕಿಟಕಿಯ ಹತ್ತಿರ ಹೋದರು. “ಈ ಮುಹೂರ್ತ ತಪ್ಪಿದ್ರ ಮತ್ತ ಇಪ್ಪತ್ತಾರು ತಿಂಗಳ್ರೀ. ಅಷ್ಟೊತ್ತಿಗೆ ಇಂಧನ ಸೋರಿ ತಿರುಗಾಕ ಆಗೂದುಲ್ಲೋ ಏನೋ. ಹನ್ನೊಂದು ದೇಶದವ್ರಿಗೆ ನಾ ಏನಂತ ಹೇಳ್ಲಿ? ನಮ್ಮ ಮೇಡಂ ಮರ್ತಿದ್ರು ಅಂತನಾ?”

“ಹಾಗೇ ಹೇಳಿ ಸರ್. ನಿಜ ಅದೇ.”

“ಬ್ಯಾರೆ ಯಾವದರೆ ನಕ್ಷತ್ರ ಐತೇನ್ರೀ ಹಂಗಾರ? ಖಾತ್ರಿ ವಯಸ್ಸಿಂದು?”

“ಅಳೆದ ವಯಸ್ಸಿರೋವು ಎಪ್ಪತ್ತೆರಡು ಇವೆ. ದೀಪಮಾಲೆಗೆ ಎಟುಕೋ ದಿಕ್ಕಿನಲ್ಲಿ ಒಂದೂ ಇಲ್ಲ. ಎಟುಕೋ ದಿಕ್ಕಿನಲ್ಲಿ ಇರೋವೆಲ್ಲ ನಾನು ಬರೆದವೇ.”

ಅವರು ಕುರ್ಚಿಗೆ ಬಂದು ಕೂತರು. ಬೈಯುವ ಶಕ್ತಿಯೂ ಉಳಿದಿರಲಿಲ್ಲವೇನೋ. “ಪತ್ರ ನಿಮ್ಮ ಹತ್ರ ಐತಿ. ಸಹಿ ನಿಮ್ಮದು. ನಾ ಮಾಡ್ರಿ ಅಂತನೂ ಅನ್ನಂಗಿಲ್ಲ, ಬ್ಯಾಡ ಅಂತನೂ ಅನ್ನಂಗಿಲ್ಲ,” ಎಂದರು.

ನನ್ನ ಮೇಜಿಗೆ ಬಂದು ಪತ್ರ ತೆಗೆದೆ. ‘ನಕ್ಷತ್ರದ ವಯಸ್ಸು’ ಎಂದಿದ್ದ ಖಾನೆಯಲ್ಲಿ ಜೋಯಿಸರ ಮೂವತ್ತೊಂದು ಲಕ್ಷ ಅಚ್ಚಾಗಿತ್ತು. ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆದೆ: ‘ಖಚಿತವಾಗಿ ಗೊತ್ತಿಲ್ಲ. ಮೂರು ಕೋಟಿಗೆ ಕಡಿಮೆಯಿಲ್ಲ.’ ಕೆಳಗೆ ಸಹಿ ಹಾಕಿದೆ. ಮೂವತ್ನಾಲ್ಕು ವರ್ಷದ ಹಿಂದೆ ಈ ಮೂರು ಅಕ್ಷರದ ಮಾತು, ‘ಗೊತ್ತಿಲ್ಲ’ ಎನ್ನುವುದನ್ನು ಬರೆಯಲು ನನಗೂ ಸೇತೂರಾವ್ ಸರ್‌ಗೂ ನಾಚಿಕೆಯಾಗಿತ್ತು. ಉಳಿದ ಮೂರು ದಿನ ಕೂತು ಮೂಲ ಪಟ್ಟಿಯನ್ನು ತೆರೆದು, ನೂರಾ ನಲವತ್ತು ಖಾನೆಗಳಲ್ಲೂ ಮೂವತ್ತು ಲಕ್ಷ ಅಳಿಸಿ ‘ಗೊತ್ತಿಲ್ಲ’ ಎಂದೇ ಹಾಕಿದೆ. ಭುಜ ಕಿತ್ತು ಬರುತ್ತಿತ್ತು. ಯಾರೂ ನನ್ನ ಹತ್ತಿರ ಬಂದು ಮಾತಾಡಲಿಲ್ಲ.

ಮೂವತ್ತೊಂದರ ಸಂಜೆ ಎಲ್ಲರೂ ಕಂಟ್ರೋಲ್ ರೂಮಿನಲ್ಲಿ ಸೇರಿದ್ದರು. ತಿರುವು ರದ್ದಾಗಿತ್ತು, ಮಾಡುವುದೇನೂ ಇರಲಿಲ್ಲ, ಆದರೂ ಬಂದಿದ್ದರು. ಪರದೆಯ ಮೇಲೆ ಏಳು ಚುಕ್ಕೆಗಳು ನಿಂತ ಕಡೆಯೇ ನಿಂತಿದ್ದವು. ಗಡಿಯಾರದಲ್ಲಿ ಐದಾಯಿತು. ಐದೂ ಒಂದಾಯಿತು. ಹೊಸ ಹುಡುಗಿಯೊಬ್ಬಳು ಮೂಗು ಒರೆಸಿಕೊಂಡಳು. ನಾನು ಅವಳ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಇಂಥ ಬೀಳ್ಕೊಡುಗೆ ಯಾವ ಶತ್ರುವಿಗೂ ಬೇಡ.

ನಿಂಗರಾಜ ಕೇಕು ತಂದಿಟ್ಟ. ಬೇಡವೆಂದರೂ ನನ್ನ ಹೆಸರು ಬರೆಸಿದ್ದ. ಭಾಷಣ ಮಾಡಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಮುಲ್ಲಾ ಸಾಹೇಬರೇ ಒಂದು ತುಂಡು ಕತ್ತರಿಸಿ ಕಾಗದದ ತಟ್ಟೆಯಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು.

“ನಂದೂ ಜೂನ್ ಒಂದ ರೀ ಮೇಡಂ,” ಎಂದರು ಮೆಲ್ಲಗೆ. “ನಮ್ಮವ್ವ ಮೊಹರಂ ಹೊತ್ತಿನ್ಯಾಗ ಹುಟ್ಟೀದಿ ಅಂತಾಳ. ಯಾವ ವರ್ಷದ್ದು ಅಂದ್ರ ಆಕಿಗೂ ಗೊತ್ತಿಲ್ಲ. ಇಷ್ಟು ವರ್ಷ ಕೇಕ್ ತಿಂದ್ರೂ ನನಗ್ಯಾಕ ಹೊಳೀಲಿಲ್ಲ ಅಂತ ಮೂರು ದಿನದಿಂದ ನಿದ್ದಿ ಇಲ್ಲ.”

“ಹೊಳೆಯೋ ಕೆಲಸ ನಂದಿತ್ತು ಸರ್. ತಡ ಮಾಡಿದೆ.”

“ಕನ್ನಡಿ ಮಲಗಿಸಿ ಇಂಧನ ಉಳಿಸೂದು ನಾವು ನೋಡ್ಕೋತೀವಿ. ಅರ್ಧಕ್ಕರ್ಧ ಆಸೆ ಐತಿ. ಆದ್ರ ಅಷ್ಟರೊಳಗ ನೂರಾ ನಲವತ್ತಕ್ಕೂ ಲಿಥಿಯಂ ನೋಡಿ ವಯಸ್ಸು ಅಳೀಬೇಕು. ಇವ್ರೆಲ್ಲ ಜೋಯಿಸ್ರನ್ನ ಕೇಳಿ ಬೆಳೆದ ಹುಡುಗ್ರು, ಕೈಯಾರ ಅಳೆದು ಗೊತ್ತಿಲ್ಲ.” ಚಾಕು ಕೆಳಗಿಟ್ಟು ಕೇಳಿದರು, “ಮುಂದಿನ ಸೋಮವಾರದಿಂದ ಬರ್ತೀರೇನ್ರೀ? ಹುದ್ದೆ ಗಿದ್ದೆ ಏನೂ ಇರಂಗಿಲ್ಲ. ಒಂದು ಕುರ್ಚಿ ಇರ್ತದ.”

ಸಿಟ್ಟು ಬಂತು, ಅಳುವೂ ಬಂತು. ಮೂವತ್ನಾಲ್ಕು ವರ್ಷ ದುಡಿದು, ಕೊನೆಯ ವಾರ ಇಷ್ಟು ಅವಮಾನ ಪಟ್ಟು, ಮತ್ತೆ ಅದೇ ಗುಡ್ಡ ಹತ್ತಬೇಕೇ? ತಪ್ಪು ನನ್ನದೇ ಎಂಬುದೂ ನಿಜ. “ಅವ್ವನ್ನ ಕೇಳಿ ಹೇಳ್ತೀನಿ ಸರ್,” ಎಂದುಬಿಟ್ಟೆ. ಅರವತ್ತು ತುಂಬಿದವಳು ಅವ್ವನನ್ನು ಕೇಳುತ್ತೇನೆ ಎಂದಿದ್ದಕ್ಕೆ ಅವರು ಆ ದಿನ ಮೊದಲ ಸಲ ನಕ್ಕರು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅವ್ವ ಜಗಲಿಯ ಮೇಲೇ ಇದ್ದಳು. ಉಳಿದ ಕೇಕು ಅವಳ ಕೈಗಿಟ್ಟು ಪಕ್ಕದಲ್ಲಿ ಕುಸಿದು ಕೂತೆ. ನಡೆದದ್ದೆಲ್ಲ ಹೇಳಿದೆ. ಹಲ್ಲು ನೋಡಿದ್ದು, ಪತ್ರ ತಿದ್ದಿದ್ದು, ಐದು ಗಂಟೆ ದಾಟಿದ್ದು, ಕುರ್ಚಿಯೊಂದು ಇದೆ ಎಂದದ್ದು. ಅವ್ವ ಬೆರಳಿಗೆ ಮೆತ್ತಿದ ಕೆನೆ ನೆಕ್ಕುತ್ತಾ ಕೇಳಿದಳು.

“ಹೋಗ್ಲಾ ಬ್ಯಾಡ್ವಾ ಹೇಳವ್ವ,” ಎಂದೆ.

“ನಿಂಗೇನನ್ಸುತ್ತೆ?”

“ಹೋಗ್ಬೇಕು. ನಾನು ಕೆಡ್ಸಿದ್ದು ನಾನೇ ಸರಿ ಮಾಡ್ಬೇಕು. ಆದ್ರೆ ಭಾಳ ಸುಸ್ತಾಗೈತೆ.”

ಅವ್ವ ಕೈ ಒರೆಸಿಕೊಂಡು ನನ್ನ ಬಲಗೈ ಹಿಡಿದಳು. ಮೆಲ್ಲಗೆ ಮೇಲೆತ್ತಿದಳು. ಏನು ಮಾಡುತ್ತಿದ್ದಾಳೆಂದು ಮೊದಲು ತಿಳಿಯಲಿಲ್ಲ. ತಲೆಯ ಮೇಲಿಂದ ತಂದು ಎಡಗಿವಿಯ ಕಡೆ ಬಾಗಿಸಲು ನೋಡಿದಳು. ಭುಜ ಕಳಕ್ಕೆಂದಿತು. “ಅಯ್ಯಯ್ಯೋ, ಬಿಡವ್ವಾ!” ಎಂದು ಕೂಗಿದೆ. ಕೈ ನೆತ್ತಿಯನ್ನೂ ಮುಟ್ಟಲಿಲ್ಲ.

ಅವ್ವ ಕೈಯನ್ನು ಕೆಳಗಿಳಿಸಿ ನನ್ನ ತೊಡೆಯ ಮೇಲಿಟ್ಟು ಸವರಿದಳು.

“ಕಿವಿ ಮುಟ್ಟಲಿಲ್ಲ ನೋಡು,” ಎಂದಳು. “ಇನ್ನೊಂದು ವರ್ಸ ಮನೇಲಿರು ಮಗ. ಮುಂದಿನ ವರ್ಸ ನಾನೇ ಕರ್ಕಂಡೋಗಿ ಬಿಟ್ಟು ಬರ್ತೀನಿ.”